23 ಅರ್ಜಿ, 14 ಕಣ: ಕೊಡಗಿನ ಹುಡುಗಿಯೊಬ್ಬಳು ಕನ್ಸಲ್ಟಿಂಗ್‌ಗೆ ಹೋದ ಪ್ರಕರಣ

ಈ ಹುಡುಗಿಯ ಹೆಸರು ಹೇಳುವುದಿಲ್ಲ. ಊರು, ಕಾಲೇಜು, ಕಂಪನಿಯ ಹೆಸರೂ ಇಲ್ಲ. ಒಂದೆರಡು ಗುರುತುಗಳನ್ನು ಬೇಕೆಂದೇ ಬದಲಿಸಿದ್ದೇನೆ. ಬರೆದದ್ದನ್ನು ಅವಳೂ ಅವಳ ಅಪ್ಪನೂ ಓದಿ ಒಪ್ಪಿದ್ದಾರೆ. ಅಪ್ಪ ಹೇಳಿದ್ದು ಒಂದೇ ತಿದ್ದುಪಡಿ: "ನಮ್ಮ ಕಣ ಮಣ್ಣಿನದ್ದು ಅಂತ ಬರೀಬೇಡಿ, ಈಗ ಸಿಮೆಂಟ್ ಹಾಕ್ಸಿದ್ದೀವಿ." ಆದರೆ ಕಾಫಿ ಒಣಗಿಸುವ ಆ ಅಂಗಳ ಆಗ ಮಣ್ಣಿನದ್ದೇ. ಅದನ್ನು ಬಿಟ್ಟರೆ ಈ ಕಥೆಯೇ ಇಲ್ಲ. ಕ್ಷಮೆ ಇರಲಿ.

ಹಿನ್ನೆಲೆ

ದಕ್ಷಿಣ ಕೊಡಗಿನ ಒಂದು ಊರು. ಅಪ್ಪ ಕಾಫಿ ಎಸ್ಟೇಟ್ ಒಂದರಲ್ಲಿ ರೈಟರ್. ನಮ್ಮ ಕಡೆ ರೈಟರ್ ಎಂದರೆ ಕಥೆ ಬರೆಯುವವರಲ್ಲ. ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್, ಗೊಬ್ಬರ, ಚೀಲ, ಎಲ್ಲದರ ಲೆಕ್ಕ ಬರೆಯುವವರು. ಸ್ವಂತಕ್ಕೆ ಎರಡೂವರೆ ಎಕರೆ ರೊಬಸ್ಟಾ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಕರಿಮೆಣಸು. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಹುಡುಗಿ ಜಿಲ್ಲೆಯಲ್ಲೇ ಒಂದು ಕಾಲೇಜಿನಲ್ಲಿ ಬಿಕಾಂ ಓದುತ್ತಿದ್ದಳು.

ನಾನು ಒಂಬತ್ತು ವರ್ಷ ಬೆಂಗಳೂರಿನಲ್ಲಿ ಕನ್ಸಲ್ಟಿಂಗ್ ಕೆಲಸ ಮಾಡಿ, 2021ರಲ್ಲಿ ಊರಿಗೆ ಬಂದವಳು. ಅವಳ ಅಪ್ಪನಿಗೆ ನಮ್ಮ ಮನೆಯ ಪರಿಚಯ. 2023ರ ಮೇ ತಿಂಗಳಲ್ಲಿ ಒಂದು ದಿನ ಅವರೇ ಮಗಳನ್ನು ಕರೆದುಕೊಂಡು ಬಂದರು. "ಇವಳಿಗೆ ನಿಮ್ಮ ತರದ ಕೆಲಸ ಬೇಕಂತೆ. ಅದೇನು ಕೆಲಸ ಅಂತ ನನಗೂ ಸ್ವಲ್ಪ ಹೇಳಿ" ಎಂದರು.

ಕಂಪನಿಗಳು ತಮ್ಮ ತೊಂದರೆಗಳನ್ನು ಹೊರಗಿನವರಿಗೆ ತೋರಿಸಿ, ದುಡ್ಡು ಕೊಟ್ಟು ಸಲಹೆ ಪಡೆಯುವುದೇ ಕನ್ಸಲ್ಟಿಂಗ್ ಎಂದು ಹೇಳಿದೆ. ಮೆಕಿನ್ಸಿ, ಬಿಸಿಜಿ, ಬೈನ್ ಎಂಬ ಮೂರು ದೊಡ್ಡ ಹೆಸರುಗಳಿವೆ. ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ ಎಂಬ ನಾಲ್ಕು ಇನ್ನೂ ದೊಡ್ಡ ಅಂಗಡಿಗಳಿವೆ. ಅದರ ಕೆಳಗೆ ಹತ್ತು ಜನ, ಐವತ್ತು ಜನ ಇರುವ ಸಣ್ಣ ಸಂಸ್ಥೆಗಳು ನೂರಾರು. ಮೊದಲಿನ ಮೂರರ ಇಂಟರ್ನ್‌ಶಿಪ್ ಹೆಚ್ಚಾಗಿ ಐಐಎಂ, ಐಐಟಿ ಮತ್ತು ಬೆರಳೆಣಿಕೆಯ ಕಾಲೇಜುಗಳ ಕ್ಯಾಂಪಸ್ ಮೂಲಕವೇ ಹೋಗುತ್ತದೆ ಎಂದೂ ಹೇಳಿದೆ. ಹೇಳಿದೆ ನಿಜ, ಆದರೆ ಒತ್ತಿ ಹೇಳಲಿಲ್ಲ. ಹುಡುಗಿಯ ಮುಖ ನೋಡಿ ಮನಸ್ಸು ಬರಲಿಲ್ಲ. ಅದು ನನ್ನ ಮೊದಲ ತಪ್ಪು.

ಸಮಸ್ಯೆ

ಜೂನ್‌ನಿಂದ ನವೆಂಬರ್‌ವರೆಗೆ ಅವಳು 23 ಕಡೆ ಅರ್ಜಿ ಹಾಕಿದಳು. 17 ಕಡೆಯಿಂದ ಉತ್ತರವೇ ಇಲ್ಲ. ನಾಲ್ಕು ಕಡೆ ಆನ್‌ಲೈನ್ ಪರೀಕ್ಷೆಯಲ್ಲೇ ಹೋಯಿತು. ಎರಡು ಕಡೆ ಸಂದರ್ಶನದವರೆಗೆ ಬಂದು ತಿರಸ್ಕೃತವಾಯಿತು.

ಆ ನಾಲ್ಕು ಪರೀಕ್ಷೆಗಳಲ್ಲಿ ಒಂದು ಜುಲೈನಲ್ಲಿತ್ತು. ಕೊಡಗಿನ ಜುಲೈ ಗೊತ್ತಲ್ಲ. ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು, ವೈಫೈ ಹೋಯಿತು. ಮೊಬೈಲ್ ಸಿಗ್ನಲ್‌ಗಾಗಿ ಲ್ಯಾಪ್‌ಟಾಪ್‌ಗೆ ಪ್ಲಾಸ್ಟಿಕ್ ಸುತ್ತಿ ರಸ್ತೆಯ ತಿರುವಿಗೆ ಓಡಿದಳು. ಅಷ್ಟರಲ್ಲಿ ಸಮಯ ಮುಗಿದಿತ್ತು. ಮುಂದಿನ ಪರೀಕ್ಷೆಗಳನ್ನು ಮೈಸೂರಿನ ದೊಡ್ಡಮ್ಮನ ಮನೆಯಲ್ಲಿ ಬರೆದಳು. ಅಲ್ಲಿ ಕರೆಂಟ್ ಇತ್ತು, ಆದರೂ ಪಾಸಾಗಲಿಲ್ಲ. "ಮಳೆಯ ಮೇಲೆ ತಪ್ಪು ಹಾಕೋಕೂ ಆಗಲಿಲ್ಲ ಅಕ್ಕ" ಎಂದು ಆಮೇಲೆ ನಗುತ್ತಾ ಹೇಳಿದಳು. ಆಗ ನಗು ಇರಲಿಲ್ಲ.

ಎರಡು ಸಂದರ್ಶನಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲನೆಯದರಲ್ಲಿ ಅಂದಾಜಿನ ಪ್ರಶ್ನೆ: ಬೆಂಗಳೂರಿನಲ್ಲಿ ದಿನಕ್ಕೆ ಎಷ್ಟು ಕಪ್ ಕಾಫಿ ಖರ್ಚಾಗುತ್ತದೆ? ಇಂಥ ಪ್ರಶ್ನೆಗೆ ಸರಿಯಾದ ಸಂಖ್ಯೆ ಯಾರಿಗೂ ಬೇಕಿಲ್ಲ. ಹೇಗೆ ಒಡೆಯುತ್ತೀರಿ ಎಂದು ನೋಡುತ್ತಾರೆ. ಇವಳು ಜನಸಂಖ್ಯೆ 1.3 ಕೋಟಿ ಎಂದು ಶುರು ಮಾಡಿದಳು. ವಯಸ್ಸಿನ ಪ್ರಕಾರ ನಾಲ್ಕು ಗುಂಪು, ಆದಾಯದ ಪ್ರಕಾರ ಮೂರು ಗುಂಪು ಮಾಡಿದಳು. ನಡುವೆ ಎಲ್ಲೋ ಸೊನ್ನೆಯೊಂದು ಜಾಸ್ತಿಯಾಗಿ ಉತ್ತರ 40 ಕೋಟಿ ಕಪ್ ಬಂತು. ಅಂದರೆ ಹಾಲು ಕುಡಿಯುವ ಮಗುವೂ ಸೇರಿ ತಲೆಗೆ ಮೂವತ್ತು ಕಪ್. ಕಾಫಿ ಗಿಡದ ನಡುವೆ ಬೆಳೆದ ಹುಡುಗಿ ಅದನ್ನು ಗಂಭೀರವಾಗಿ ಹೇಳಿ ಕೂತಳು. ಎದುರಿಗಿದ್ದವರು "ನಿಮಗೆ ಇದು ಸರಿ ಅನ್ನಿಸುತ್ತಾ?" ಎಂದು ಕೇಳಿದರಂತೆ. "ಲೆಕ್ಕ ಹಾಗೆ ಬಂದಿದೆ" ಎಂದಳಂತೆ.

ಎರಡನೆಯದು ಐದೇ ನಿಮಿಷ. ಕನ್ಸಲ್ಟಿಂಗ್ ಯಾಕೆ ಎಂದು ಕೇಳಿದರು. ಸಮಸ್ಯೆ ಬಿಡಿಸುವುದು ಇಷ್ಟ ಎಂದಳು. ನೀವೇ ಬಿಡಿಸಿದ ಒಂದು ಸಮಸ್ಯೆ ಹೇಳಿ ಎಂದರು. ಕಾಲೇಜು ಫೆಸ್ಟ್‌ಗೆ ಸ್ವಯಂಸೇವಕರನ್ನು ಹೊಂದಿಸಿದ್ದನ್ನು ಹೇಳಿದಳು. ಸರಿ, ಧನ್ಯವಾದ.

ಮೊದಲು ಮಾಡಿದ್ದು

ನನ್ನ ಮದ್ದು ಏನಿತ್ತೆಂದರೆ ಅಭ್ಯಾಸ, ಇನ್ನಷ್ಟು ಅಭ್ಯಾಸ. ಕೇಸ್ ಸಂದರ್ಶನ ಎಂದರೆ ಒಂದು ಕಾಲ್ಪನಿಕ ಕಂಪನಿಯ ತೊಂದರೆ ಹೇಳಿ, ಅರ್ಧ ಗಂಟೆಯಲ್ಲಿ ನಿಮ್ಮ ಜೊತೆ ಅದನ್ನು ಬಿಡಿಸುವುದು. ವಾರಕ್ಕೆ ಐದರಂತೆ ಆರು ವಾರ, ಮೂವತ್ತು ಕೇಸ್ ಮಾಡಿಸಿದೆ. ಲಾಭ ಎಂದರೆ ಆದಾಯದಲ್ಲಿ ಖರ್ಚು ಕಳೆದದ್ದು, ಆದಾಯ ಎಂದರೆ ದರ ಗುಣಿಸು ಸಂಖ್ಯೆ, ಹೀಗೆ ಎಲ್ಲ ಚೌಕಟ್ಟುಗಳೂ ಅವಳಿಗೆ ಬಾಯಿಪಾಠವಾದವು. ಭಾಗಗಳು ಒಂದರ ಮೇಲೊಂದು ಬೀಳಬಾರದು, ಏನೂ ಬಿಟ್ಟುಹೋಗಲೂ ಬಾರದು ಎಂಬ ನಿಯಮವನ್ನು ನಿದ್ದೆಯಲ್ಲೂ ಹೇಳುವಷ್ಟಾದಳು.

ಡಿಸೆಂಬರ್ ಮೊದಲ ವಾರ. ಮಡಿಕೇರಿ ಹತ್ತಿರದ ಹೋಂಸ್ಟೇ ಒಂದರ ಲಾಭ ಇಳಿದಿದೆ, ಯಾಕೆ ಎಂಬ ಕೇಸ್ ಕೊಟ್ಟೆ. ನಾಲ್ಕು ನಿಮಿಷ ಚೌಕಟ್ಟು ಹೇಳಿದಳು, ಅರ್ಚಕರು ಮಂತ್ರ ಹೇಳುವ ಹಾಗೆ, ಒಂದು ಕಡೆಯೂ ನಿಲ್ಲದೆ. ನನಗೆ ಥಟ್ಟನೆ ನೆನಪಾಯಿತು. ಅವಳ ಚಿಕ್ಕಮ್ಮನದೇ ಒಂದು ಹೋಂಸ್ಟೇ ಇದೆ.

"ನಿಮ್ಮ ಚಿಕ್ಕಮ್ಮನ ಹೋಂಸ್ಟೇ ಯಾವಾಗ ಖಾಲಿ ಇರುತ್ತೆ?"

"ಸೋಮವಾರದಿಂದ ಗುರುವಾರ. ಶುಕ್ರವಾರ ರಾತ್ರಿ ಬೆಂಗಳೂರಿನವರು ಬರ್ತಾರೆ. ಮಳೆಗಾಲ ಪೂರ್ತಿ ಕಷ್ಟ. 2018ರಲ್ಲಿ ಗುಡ್ಡ ಕುಸಿದಾಗಂತೂ ಬುಕ್ ಮಾಡಿದವರೆಲ್ಲ ಕ್ಯಾನ್ಸಲ್ ಮಾಡಿದ್ರು."

"ಇದನ್ನ ಯಾಕೆ ಹೇಳಲಿಲ್ಲ?"

"ಅದೆಲ್ಲ ಕೇಸ್‌ಗೆ ಬರುತ್ತಾ ಅಕ್ಕ?"

ಆ ಮಾತು ಕೇಳಿ ನಾನು ಅಭ್ಯಾಸ ನಿಲ್ಲಿಸಿದೆ. ಆರು ವಾರದಲ್ಲಿ ನಾನು ಮಾಡಿದ್ದು ಏನೆಂದರೆ, ತನಗೆ ಗೊತ್ತಿರುವುದನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕು ಎಂದು ಅವಳಿಗೆ ಕಲಿಸಿದ್ದು. ಕಾಫಿಯ ಪ್ರಶ್ನೆಯಲ್ಲೂ ಆದದ್ದು ಅದೇ ಅಲ್ವಾ? ಮನೆಯಲ್ಲಿ ದಿನಕ್ಕೆ ಯಾರು ಎಷ್ಟು ಲೋಟ ಕುಡಿಯುತ್ತಾರೆ ಎಂದು ನೆನೆಸಿಕೊಂಡಿದ್ದರೆ ಮೂವತ್ತು ಕಪ್ ಬಾಯಿಗೆ ಬರುತ್ತಿರಲಿಲ್ಲ.

"ಮುಂದಿನ ಮೂರು ತಿಂಗಳು ಒಂದೂ ಅರ್ಜಿ ಹಾಕಬೇಡ" ಎಂದೆ. "ನಿಜವಾದ ಒಬ್ಬ ಗಿರಾಕಿಗೆ, ನಿಜವಾದ ಒಂದು ತೊಂದರೆ ಬಿಡಿಸು. ಗಿರಾಕಿ ದುಡ್ಡು ಕೊಡದಿದ್ದರೂ ಪರವಾಗಿಲ್ಲ." ಅವಳಿಗೆ ಸಿಟ್ಟು ಬಂತು. ಗೆಳತಿಯರೆಲ್ಲ ಅರ್ಜಿ ಹಾಕುವ ಸಮಯ ಅದು. ಎರಡು ವಾರ ನನಗೆ ಫೋನ್ ಮಾಡಲಿಲ್ಲ.

ಹದಿನಾಲ್ಕು ಕಣ

ಫೋನ್ ಮಾಡಿದಾಗ ತೊಂದರೆಯೊಂದನ್ನು ಹಿಡಿದುಕೊಂಡೇ ಮಾಡಿದಳು. ನೆರೆಮನೆಯ ಬೆಳೆಗಾರರು ಅವಳ ಅಪ್ಪನ ಹತ್ತಿರ ಗೊಣಗುತ್ತಿದ್ದದ್ದು: ಕಾಫಿ ವ್ಯಾಪಾರಿ ಔಟ್‌ಟರ್ನ್‌ನಲ್ಲಿ ಮೋಸ ಮಾಡುತ್ತಾರೆ.

ಕೊಡಗಿನ ಹೊರಗಿನವರಿಗೆ ಇಷ್ಟು ಹೇಳಬೇಕು. ರೊಬಸ್ಟಾ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದರೆ ಅದು ಚೆರಿ. ಅದನ್ನು 50 ಕೆಜಿ ಚೀಲದ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಚೀಲದಲ್ಲಿ ಸಿಪ್ಪೆ ಹೋಗಿ ಎಷ್ಟು ಕೆಜಿ ಬೀಜ ಸಿಗುತ್ತದೋ ಅದೇ ಔಟ್‌ಟರ್ನ್, ಬಾಯಿಮಾತಿನಲ್ಲಿ ಓಟಿ. ಸಾಮಾನ್ಯವಾಗಿ 26ರ ಆಸುಪಾಸು. ಒಂದು ಕೆಜಿ ಬೀಜಕ್ಕೆ ಆ ದಿನದ ಇಪಿ ದರ ಇರುತ್ತದೆ. ಅದನ್ನು ಓಟಿಯಿಂದ ಗುಣಿಸಿದರೆ ಚೀಲದ ಬೆಲೆ. ಲೆಕ್ಕಕ್ಕೆ ಇಪಿ 300 ಎಂದಿಟ್ಟುಕೊಳ್ಳಿ. ಓಟಿ 26 ಆದರೆ ಚೀಲಕ್ಕೆ 7,800. ಓಟಿ 24 ಎಂದರೆ 7,200. ಅರವತ್ತು ಚೀಲ ಇರುವವನಿಗೆ ಆ ಎರಡು ಪಾಯಿಂಟ್ 36,000 ರೂಪಾಯಿ. ಇಪಿ ದರ ಎಲ್ಲರ ಮೊಬೈಲ್‌ನಲ್ಲೂ ಬರುತ್ತದೆ. ಓಟಿ ಮಾತ್ರ ವ್ಯಾಪಾರಿಯ ಅಂಗಡಿಯಲ್ಲೇ ಗೊತ್ತಾಗಬೇಕು.

2024ರ ಜನವರಿಯಲ್ಲಿ ಕೊಯ್ಲು ಶುರುವಾದಾಗ ಹುಡುಗಿ ಹದಿನಾಲ್ಕು ಸಣ್ಣ ಬೆಳೆಗಾರರನ್ನು ಒಪ್ಪಿಸಿದಳು. ಎಲ್ಲರೂ ಐದು ಎಕರೆ ಒಳಗಿನವರು. ಅಪ್ಪನ ಎಸ್ಟೇಟ್‌ನಿಂದ ತೇವ ಅಳೆಯುವ ಮೀಟರ್ ಕಡ ತಂದಳು. ಮಾರುವ ಹಿಂದಿನ ದಿನ ಪ್ರತಿ ಮನೆಗೆ ಹೋಗಿ ಮೂರು ಚೀಲಗಳಿಂದ ಸೇರಿಸಿ ಒಂದು ಕೆಜಿ ಸ್ಯಾಂಪಲ್ ತೆಗೆಯುವುದು, ಮಿಲ್‌ನಲ್ಲಿ ಸಿಪ್ಪೆ ಬಿಡಿಸುವುದು, ಬೀಜ ತೂಗುವುದು, ತೇವ ನೋಡುವುದು. 520 ಗ್ರಾಂ ಬಂದರೆ ಓಟಿ 26. ಮರುದಿನ ವ್ಯಾಪಾರಿ ಎಷ್ಟು ಹೇಳಿದರು ಎಂದು ಪಕ್ಕದ ಕಾಲಂನಲ್ಲಿ ಬರೆಯುವುದು. ಪುಸ್ತಕಕ್ಕೆ ಗೆರೆ ಹಾಕಿಕೊಟ್ಟದ್ದು ಅಪ್ಪ, ಚೆಕ್‌ರೋಲ್ ನಮೂನೆಯಲ್ಲೇ.

ಎಷ್ಟೋ ಜನ ತೇವವನ್ನು ಈಗಲೂ ಕಿವಿಯಿಂದ ನೋಡುತ್ತಾರೆ. ಒಂದು ಹಿಡಿ ಚೆರಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನಬೇಕು. ಒಬ್ಬ ಅಜ್ಜ ಅಲ್ಲಾಡಿಸಿ "ಕೇಳು ಮಗಾ, ಗೆಜ್ಜೆ ಇದ್ದ ಹಾಗಿದೆ" ಎಂದರು. ಮೀಟರ್ ಶೇಕಡಾ 13.8 ತೋರಿಸಿತು. ಇರಬೇಕಾದದ್ದು 11. ಅಜ್ಜ ಮೀಟರ್ ಕೆಟ್ಟಿದೆ ಎಂದರು.

ಮಾರ್ಚ್ ಮಧ್ಯದ ಹೊತ್ತಿಗೆ ಹದಿನಾಲ್ಕು ಸಾಲು ತುಂಬಿದವು. ವ್ಯಾಪಾರಿ ಮೋಸಗಾರ ಎಂದು ತೋರಿಸುವುದೇ ಅವಳ ಆಸೆಯಾಗಿತ್ತು. ಸಾಲುಗಳು ಹಾಗೆ ಹೇಳಲಿಲ್ಲ. ಒಂಬತ್ತು ಜನರ ಲೆಕ್ಕದಲ್ಲಿ ವ್ಯಾಪಾರಿ ಹೇಳಿದ ಓಟಿಗೂ ಇವಳದಕ್ಕೂ ಅರ್ಧ ಪಾಯಿಂಟಿನ ಒಳಗೇ ವ್ಯತ್ಯಾಸ. ಉಳಿದ ಐವರಿಗೆ ಮಾತ್ರ ಎರಡು ಪಾಯಿಂಟ್‌ವರೆಗೆ ಕಡಿಮೆ ಸಿಕ್ಕಿತ್ತು. ಆ ಐವರದೂ ಮಣ್ಣಿನ ಕಣ, ಐವರ ಚೆರಿಯಲ್ಲೂ ತೇವ 13 ದಾಟಿತ್ತು. ಆ ಐವರಲ್ಲಿ ಒಬ್ಬರು ಅವಳ ಅಪ್ಪ.

ಅವತ್ತು ಸಂಜೆ ಪುಸ್ತಕ ತಂದು ನನ್ನ ಮುಂದಿಟ್ಟು, "ಎಲ್ಲಾ ವೇಸ್ಟ್ ಆಯ್ತು ಅಕ್ಕ, ಅವರು ಸರಿಯಾಗೇ ಕೊಡ್ತಿದ್ದಾರೆ" ಎಂದಳು. ನಾನು ಬೇಕೆಂದೇ ಏನೂ ಹೇಳಲಿಲ್ಲ. ಕಾಫಿ ಕುಡಿದು ಹೋದಳು. ರಾತ್ರಿ ಹತ್ತೂವರೆಗೆ ಮೆಸೇಜ್ ಬಂತು. ಪೂರ್ತಿ ಸರಿಯೂ ಅಲ್ಲ ಎಂದು. 14 ತೇವದ ಬೀಜವನ್ನು 11ಕ್ಕೆ ಇಳಿಸಿದರೆ 26 ಕೆಜಿಯಲ್ಲಿ ಹೋಗುವುದು ಸುಮಾರು 900 ಗ್ರಾಂ. ಒಂದು ಪಾಯಿಂಟೂ ಇಲ್ಲ. ವ್ಯಾಪಾರಿ ಕಳೆದದ್ದು ಎರಡು. ಮೋಸ ಅಲ್ಲ, ಕೈಯಲ್ಲಿ ಹಿಸುಕಿ ನೋಡಿದ ಅಂದಾಜು. ಆದರೆ ಅಂದಾಜಿನಲ್ಲಿ ಯಾರೂ ತಮ್ಮ ಕೈ ಸುಟ್ಟುಕೊಳ್ಳುವುದಿಲ್ಲ.

ನನ್ನ ಪ್ರಕಾರ ಇಡೀ ಪ್ರಕರಣದ ತಿರುವು ಆ ರಾತ್ರಿಯದು. "ವ್ಯಾಪಾರಿ ಕಳ್ಳ" ಎನ್ನುವುದಕ್ಕಿಂತ, "ವ್ಯಾಪಾರಿ ಸರಿ" ಎನ್ನುವುದಕ್ಕಿಂತ, 900 ಗ್ರಾಂಗೆ ಎರಡು ಕೆಜಿ ಕಳೆಯುತ್ತಿದ್ದಾರೆ ಎನ್ನುವುದು ಬೇರೆಯೇ ಮಾತು. ಅದನ್ನು ಹಿಡಿದುಕೊಂಡು ಯಾರ ಜೊತೆಗೂ ಜಗಳವಾಡದೆ ಮಾತಾಡಬಹುದು.

ಮಾತಾಡಿದಳು ಕೂಡ. ಮೀಟರ್ ಹಿಡಿದು ಅಂಗಡಿಗೆ ಹೋದಾಗ ವ್ಯಾಪಾರಿ ಮೊದಲು ರೇಗಿದರಂತೆ. ಅವರ ಕಡೆಯ ತೊಂದರೆ ಏನೆಂದು ಕೇಳಿದಳು. ಹಸಿ ಚೆರಿ ಗೋಡೌನ್‌ನಲ್ಲಿ ಬೂಸ್ಟು ಹಿಡಿದರೆ ನಷ್ಟ ತಮ್ಮದೇ ಎಂದರು. ಹಾಗಾದರೆ ಎದುರಿಗೇ ಅಳೆದು, ಎಷ್ಟು ಜಾಸ್ತಿಯಿದೆಯೋ ಅಷ್ಟೇ ಕಳೆಯೋಣ ಎಂದಳು. ಆ ಸೀಸನ್‌ನಲ್ಲಿ ಇನ್ನೂ ಮಾರದೆ ಉಳಿದಿದ್ದ ಚೀಲಗಳಿಗೆ ಅವರು ಒಪ್ಪಿದರು.

ಒಂದು ಎಡವಟ್ಟನ್ನೂ ಬರೆಯಬೇಕು. ಫೆಬ್ರವರಿಯಲ್ಲಿ ಇಬ್ಬರು ಬೆಳೆಗಾರರು "ಈಗ ಮಾರಲಾ, ಕಾಯಲಾ?" ಎಂದು ಕೇಳಿದಾಗ, ದರ ಚೆನ್ನಾಗಿದೆ, ಮಾರಿ ಎಂದುಬಿಟ್ಟಿದ್ದಳು. ದರ ಏರುತ್ತಲೇ ಹೋಗಿ ಏಪ್ರಿಲ್‌ನಲ್ಲಿ ಚೀಲಕ್ಕೆ ಹತ್ತು ಸಾವಿರ ದಾಟಿತು. ಅವಳ ಪುಸ್ತಕದಲ್ಲಿ ತೇವ ಇತ್ತು, ತೂಕ ಇತ್ತು. ನಾಳೆಯ ದರ ಇರಲಿಲ್ಲ. ಒಬ್ಬರ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬಂದಳು. ಇನ್ನೊಬ್ಬರು ಬಾಗಿಲು ತೆರೆದರು, ಕಾಫಿ ಕೊಡಲಿಲ್ಲ.

ಮತ್ತೆ ಬಾಗಿಲು ತಟ್ಟಿದ್ದು

ಏಪ್ರಿಲ್‌ನಲ್ಲಿ ಎಲ್ಲವನ್ನೂ ಒಂದೇ ಪುಟಕ್ಕೆ ಇಳಿಸಿದೆವು. ಮೊದಲ ಕರಡು "ಚಿಕ್ಕಂದಿನಿಂದಲೂ ನನಗೆ ಬಿಸಿನೆಸ್ ಎಂದರೆ ತುಂಬಾ ಆಸಕ್ತಿ" ಎಂದು ಶುರುವಾಗಿತ್ತು. ಹೊಡೆದು ಹಾಕಿದೆ. ಕೊನೆಗೆ ಉಳಿದ ಮೊದಲ ಸಾಲಿನ ಸಾರಾಂಶ ಇದು: ಹದಿನಾಲ್ಕು ಕಾಫಿ ಬೆಳೆಗಾರರಲ್ಲಿ ಐವರಿಗೆ ಚೀಲಕ್ಕೆ ಎರಡು ಪಾಯಿಂಟ್‌ವರೆಗೆ ಕಡಿಮೆ ಸಿಗುತ್ತಿತ್ತು, ಅದರಲ್ಲಿ ಸುಮಾರು ಒಂದು ಅವರ ಕಣದ ತಪ್ಪು, ಉಳಿದದ್ದು ಅಳತೆಯ ತಪ್ಪು. ಕೆಳಗೆ ಒಂದು ಕೋಷ್ಟಕ. ಅದರ ಕೆಳಗೆ ಎರಡು ಸಾಲಿನಲ್ಲಿ ಫೆಬ್ರವರಿಯ ಎಡವಟ್ಟು. ಎಡವಟ್ಟು ಬೇಡ ಎಂದು ಅವಳು, ಇರಲಿ ಎಂದು ನಾನು. ಅರ್ಧ ದಿನ ವಾದ ಮಾಡಿದೆವು.

ಈ ಸಲ 23 ಕಡೆ ಅಲ್ಲ. ಕೃಷಿ ಮತ್ತು ಆಹಾರ ಕ್ಷೇತ್ರದಲ್ಲಿ ಸಲಹೆ ಕೊಡುವ ಒಂಬತ್ತು ಸಣ್ಣ ಸಂಸ್ಥೆಗಳನ್ನು ಹುಡುಕಿದಳು. ಅರ್ಜಿಯ ಪೋರ್ಟಲ್‌ಗೆ ಹೋಗಲಿಲ್ಲ. ಆ ಕೆಲಸವನ್ನು ನಿಜವಾಗಿ ನಡೆಸುವವರಿಗೆ ನೇರ ಮೇಲ್ ಮಾಡಿ, ರೆಸ್ಯೂಮೆಗಿಂತ ಮೊದಲು ಈ ಪುಟ ಇಟ್ಟಳು. ಮೂವರು ಉತ್ತರ ಕೊಟ್ಟರು. ಒಬ್ಬರು ಸಂದರ್ಶನಕ್ಕೆ ಕರೆದರು.

ಇಲ್ಲಿ ಅದೃಷ್ಟವೂ ಇತ್ತು. ಅದನ್ನು ಮುಚ್ಚಿಟ್ಟರೆ ಓದುವವರಿಗೆ ಮೋಸ. ಐರೋಪ್ಯ ಒಕ್ಕೂಟ 2023ರಲ್ಲಿ ಒಂದು ಕಾಯ್ದೆ ತಂದಿತ್ತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿ ಮಾರುವಂತಿಲ್ಲ, ಪ್ರತಿ ತೋಟದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ತೋರಿಸಬೇಕು. ಆಗಿನ ಗಡುವು 2024ರ ಡಿಸೆಂಬರ್. ಆಮೇಲೆ ಅದು ಮುಂದೆ ಹೋಯಿತು. ಆದರೆ ಆ ಬೇಸಿಗೆಯಲ್ಲಿ ಕಾಫಿ ರಫ್ತು ಮಾಡುವವರಿಗೆಲ್ಲ ಅದೇ ತಲೆಬಿಸಿ. ಸಣ್ಣ ಬೆಳೆಗಾರರ ಅಂಗಳಕ್ಕೆ ಹೋಗಿ, ಬೈಸಿಕೊಂಡು, ಸಂಖ್ಯೆ ತರಬಲ್ಲವರು ಆ ಸಂಸ್ಥೆಗೆ ಬೇಕಿತ್ತು.

ಆದರೂ ಕೇಸ್ ಪ್ರಶ್ನೆ ತಪ್ಪಲಿಲ್ಲ. ಒಂದು ಪೇಂಟ್ ಕಂಪನಿ, ಮಾರಿದ ಲೀಟರ್ ಅಷ್ಟೇ ಇದೆ, ದರ ಇಳಿಸಿಲ್ಲ, ಖರ್ಚು ಏರಿಲ್ಲ, ಆದರೂ ಲಾಭ ಇಳಿದಿದೆ. ಇವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳಂತೆ: "ಲೀಟರ್ ಅಷ್ಟೇ ಇರಬಹುದು. ಒಳಗಿರೋದು ಅದೇನಾ? ದುಬಾರಿ ಪೇಂಟ್ ಕಡಿಮೆಯಾಗಿ, ಅಗ್ಗದ್ದು ಜಾಸ್ತಿ ಹೋಗಿದೆಯಾ?" ಎದುರಿಗಿದ್ದವರು, ಇದು ಹೇಗೆ ಹೊಳೆಯಿತು ಎಂದರು. "ನಮ್ಮಲ್ಲಿ ಚೀಲ ಯಾವತ್ತೂ 50 ಕೆಜಿನೇ ಸರ್" ಎಂದಳಂತೆ.

ಉಳಿದ ಅರ್ಧ ಗಂಟೆ ಅವರು ಕೇಳಿದ್ದು ಕೋಷ್ಟಕದ ಬಗ್ಗೆ ಅಲ್ಲ, ಫೆಬ್ರವರಿಯ ಎಡವಟ್ಟಿನ ಬಗ್ಗೆ. ಯಾಕೆ ಹೇಳಿದಿರಿ, ಯಾವಾಗ ಗೊತ್ತಾಯಿತು, ಗಿರಾಕಿಗೆ ಏನು ಹೇಳಿದಿರಿ. ಆ ವಾದದಲ್ಲಿ ಗೆದ್ದದ್ದು ನಾನು ಎಂದು ಇಲ್ಲಿ ದಾಖಲಿಸುತ್ತಿದ್ದೇನೆ.

ಏನಾಯಿತು, ಏನು ಕಾಣುತ್ತದೆ

2024ರ ಜುಲೈನಲ್ಲಿ ಆರು ತಿಂಗಳ ಇಂಟರ್ನ್‌ಶಿಪ್, ಆಮೇಲೆ ಅಲ್ಲೇ ಕೆಲಸ. ಸ್ಟೈಪೆಂಡ್ ಬೆಂಗಳೂರಿನ ಪಿಜಿ ಬಾಡಿಗೆ, ಊಟಕ್ಕೆ ಸರಿಹೋಗುತ್ತಿತ್ತು, ಅಷ್ಟೇ. ಆ ಮಧ್ಯೆ ದೊಡ್ಡ ಸಂಸ್ಥೆಯೊಂದಕ್ಕೆ ಮತ್ತೆ ಅರ್ಜಿ ಹಾಕಿದಳು. ಮೊದಲಿನಷ್ಟೇ ವೇಗವಾಗಿ ತಿರಸ್ಕೃತವಾಯಿತು. ಆ ಬಾಗಿಲು ಅವಳಿಗೆ ಇನ್ನೂ ತೆರೆದಿಲ್ಲ. ಕಾಫಿ ಲೆಕ್ಕ ಮಾಡಿದರೆ ಮೆಕಿನ್ಸಿಗೆ ಹೋಗಬಹುದು ಎಂದು ಯಾರಾದರೂ ಇದನ್ನು ಓದಿಕೊಂಡರೆ ಅದು ತಪ್ಪು ಓದು.

ಕೇಸ್ ಅಭ್ಯಾಸ ಬೇಡ ಎಂದೂ ನಾನು ಹೇಳುತ್ತಿಲ್ಲ. ಮೂವತ್ತು ಕೇಸ್ ಮಾಡಿದ್ದರಿಂದಲೇ ಪೇಂಟ್ ಪ್ರಶ್ನೆಯಲ್ಲಿ ದರ, ಲೀಟರ್, ಖರ್ಚು ಎಂದು ತಕ್ಷಣ ಒಡೆಯಲು ಬಂತು. ಆದರೆ ಕ್ರಮ ತಲೆಕೆಳಗಾಗಿತ್ತು. ಮೊದಲು ಹತ್ತು ಕೇಸ್, ಆಮೇಲೆ ಒಂದು ನಿಜವಾದ ಕೆಲಸ, ಆಮೇಲೆ ಉಳಿದ ಇಪ್ಪತ್ತು. ಈಗ ನನ್ನ ಹತ್ತಿರ ಬರುವ ಮಕ್ಕಳಿಗೆ ಹಾಗೇ ಮಾಡಿಸುತ್ತೇನೆ. ನಿಜವಾದ ಕೆಲಸ ಎಂದರೆ ದೊಡ್ಡದೇನಲ್ಲ. ಸಹಕಾರ ಸಂಘದಲ್ಲಿ ಗೊಬ್ಬರ ಯಾವ ವಾರ ಖಾಲಿಯಾಗುತ್ತದೆ, ಬೇಕರಿಯಲ್ಲಿ ಸಂಜೆ ಏನು ಉಳಿಯುತ್ತದೆ, ಹೋಂಸ್ಟೇಗೆ ಮಂಗಳವಾರ ಯಾರು ಬರಬಹುದು. ಎರಡು ಶರತ್ತು ಮಾತ್ರ ಹಾಕುತ್ತೇನೆ: ಸಂಖ್ಯೆಯನ್ನು ನೀವೇ ಹೋಗಿ ತರಬೇಕು, ಉತ್ತರ ಇಷ್ಟವಾಗದ ಒಬ್ಬರಿಗಾದರೂ ಅದನ್ನು ಎದುರಿಗೆ ಕೂತು ಹೇಳಬೇಕು. ಎರಡನೆಯ ಶರತ್ತಿಗೆ ಅರ್ಧ ಜನ ವಾಪಸ್ ಹೋಗುತ್ತಾರೆ.

ಇನ್ನೊಂದು, ಇದು ನನ್ನಂಥವರಿಗೆ. ಯಾವ ಬಾಗಿಲು ಎಷ್ಟು ತೆರೆದಿದೆ ಎಂದು ಮೊದಲ ದಿನವೇ ಗಟ್ಟಿಯಾಗಿ ಹೇಳಿಬಿಡಿ. 23ರಲ್ಲಿ ಕನಿಷ್ಠ ಹನ್ನೆರಡು ಅರ್ಜಿಗಳು ಕಳಿಸುವ ಮೊದಲೇ ಸತ್ತಿದ್ದವು. ನನಗೆ ಗೊತ್ತಿತ್ತು.

2025ರ ಫೆಬ್ರವರಿಯಲ್ಲಿ ಅವಳು ಎರಡು ದಿನ ರಜೆ ಹಾಕಿ ರಾತ್ರಿ ಬಸ್ಸಿನಲ್ಲಿ ಊರಿಗೆ ಬಂದಿದ್ದಳು. ಸಂಜೆ ಇಬ್ಬರೂ ವ್ಯಾಪಾರಿಯ ಅಂಗಡಿಯ ಕಡೆ ಹೋದೆವು. ತೂಕದ ಯಂತ್ರದ ಪಕ್ಕ ಒಂದು ತೇವದ ಮೀಟರ್ ಇತ್ತು, ಅವರೇ ಕೊಂಡದ್ದು. ಮುಚ್ಚಳ ಒಡೆದು ಟೇಪ್ ಸುತ್ತಿದ್ದರು. ಎದುರಿಗೆ ಆ ಗೆಜ್ಜೆಯ ಅಜ್ಜ ಚೆರಿ ತಂದು ನಿಂತಿದ್ದರು. ಮೀಟರ್ 12.6 ತೋರಿಸಿತು. ಅಜ್ಜ ಇವಳ ಕಡೆ ತಿರುಗಿ, "ನೋಡು ಮಗಾ, ಇವರದ್ದೂ ಕೆಟ್ಟಿದೆ" ಎಂದರು.